ದಯಮಾಡಿ ದುಡಿಯಬೇಡಿ

ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಅಂಗವಿಕಲ ಬಂಧುಗಳಲ್ಲಿ ಕಳಕಳಿಯ ವಿನಂತಿ: ದಯಮಾಡಿ ದುಡಿಯಬೇಡಿ. ದುಡಿಯುವ ಚಟ ಅಂಟಿಕೊಂಡೇಬಿಟ್ಟಿದ್ದರೆ, ಮನೆಯವರ ಕಣ್ಣು ತಪ್ಪಿಸಿ ಕುಡಿಯುವವರ ಹಾಗೆ ಕದ್ದು ದುಡಿಯಿರಿ.

ರಾಜ್ಯ ಸರ್ಕಾರದ ಅಂಗವಿಕಲರ ಮಾಸಾಶನಕ್ಕೆ ಎರಡು ಅರ್ಹತೆ ಬೇಕು. ಮೊದಲನೆಯದು ಕನಿಷ್ಠ ಶೇ 40ರಷ್ಟು ಊನ. ಅದನ್ನು ವೈದ್ಯರು ಅಳೆದು ಬರೆದುಕೊಡುತ್ತಾರೆ. ಪೋಲಿಯೊದಿಂದಲೋ ಅಪಘಾತದಿಂದಲೋ ಬಂದದ್ದು, ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಎರಡನೆಯದು ಬಡತನ. ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ದಾಟಬಾರದು. ಇದನ್ನು ಮಾತ್ರ ನೀವೇ ಜೋಪಾನ ಮಾಡಬೇಕು. ಗಮನಿಸಿ, ಇದು ನಿಮ್ಮೊಬ್ಬರ ಆದಾಯವಲ್ಲ, ಕುಟುಂಬದ್ದು. ನಿಮ್ಮ ತಮ್ಮ ಗದಗಿನ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಕೆಲಸಕ್ಕೆ ಸೇರಿದರೂ ನಿಮ್ಮ ಬಡತನ ಕೆಟ್ಟುಹೋಗುತ್ತದೆ. 32,000ವನ್ನು 365ರಿಂದ ಭಾಗಿಸಿದರೆ ಇಡೀ ಮನೆಗೆ ದಿನಕ್ಕೆ 87 ರೂಪಾಯಿ ಚಿಲ್ಲರೆ. ಮನೆಮಂದಿ ಬಸ್‌ಸ್ಟ್ಯಾಂಡಿನ ಬಳಿ ಕೂತು ಗಿರ್ಮಿಟ್ಟು, ಮಿರ್ಚಿ, ಚಾ ಅಂದರೆ ಅಲ್ಲಿಗೆ ಆ ದಿನದ ಬಡತನ ಖಲಾಸ್.

ಬಡತನದಲ್ಲಿಯೂ ಜಾತಿಗಳಿವೆ, ತಪ್ಪು ತಿಳಿಯಬೇಡಿ. ಬಿಪಿಎಲ್ ಕಾರ್ಡಿಗೆ ವರ್ಷಕ್ಕೆ 1.20 ಲಕ್ಷದವರೆಗೆ ಬಡವ. 2019ರಲ್ಲಿ ಕೇಂದ್ರ ಸರ್ಕಾರ ತಂದ ಶೇ 10ರ ಮೀಸಲಾತಿಗೆ 8 ಲಕ್ಷದೊಳಗಿನವನು 'ಆರ್ಥಿಕವಾಗಿ ದುರ್ಬಲ'. ಊರುಗೋಲು ಹಿಡಿದವನಿಗೆ ಮಾತ್ರ 32,000. ಅಂದರೆ ದೆಹಲಿಯ ಒಬ್ಬ ದುರ್ಬಲನನ್ನು ಕರಗಿಸಿದರೆ ನಮ್ಮ ಭಾಗದ 25 ಅಂಗವಿಕಲ ಕುಟುಂಬಗಳನ್ನು ಎರಕ ಹೊಯ್ಯಬಹುದು. ಒಂದೇ ಮನೆ ಅಕ್ಕಿ ತರುವಾಗ ಬಡವರದು, ಮಾಸಾಶನ ಕೇಳುವಾಗ ಶ್ರೀಮಂತರದು.

ಇನ್ನು ಉದ್ಯೋಗ ಖಾತ್ರಿಯ ಲೆಕ್ಕ. 2025-26ರಲ್ಲಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು, ಖಾತ್ರಿ 100 ದಿನ ಇತ್ತು. ಅಂಗವಿಕಲರು ಅರ್ಧ ಕೆಲಸ ಮಾಡಿದರೂ ಪೂರ್ತಿ ಕೂಲಿ. ಎಂಥ ಔದಾರ್ಯ! ಹಾಗೆಂದು ನಂಬಿ ಬದುವಿನ ಕೆಲಸಕ್ಕೆ ಹೋದಿರೋ, 86ನೇ ದಿನದ ಸಂಜೆಗೆ ನಿಮ್ಮ ಗಳಿಕೆ 31,820. ಅಲ್ಲಿಗೆ ಬುಟ್ಟಿ ಕೆಳಗಿಟ್ಟು ಮನೆಗೆ ನಡೆಯಿರಿ. 87ನೇ ದಿನವೂ ಹೋದರೆ ಆಯಿತು 32,190. ಮಿತಿಗಿಂತ 190 ರೂಪಾಯಿ ಹೆಚ್ಚು. ಆ 190ಕ್ಕಾಗಿ ನೀವು ಬಿಟ್ಟುಕೊಟ್ಟದ್ದು ತಿಂಗಳಿಗೆ 800ರಂತೆ ವರ್ಷಕ್ಕೆ 9,600. ಊನ ಶೇ 75 ದಾಟಿದವರಾದರೆ 1,400ರಂತೆ 16,800. ಬಲಗೈ ನೂರು ದಿನ ದುಡಿ ಅನ್ನುತ್ತಿತ್ತು, ಎಡಗೈ ಎಂಬತ್ತಾರಕ್ಕೇ ಕೊರಳುಪಟ್ಟಿ ಹಿಡಿಯುತ್ತಿತ್ತು. ಮನೆಯಲ್ಲಿ ಗೃಹಲಕ್ಷ್ಮಿಯೂ ಇದ್ದಾಳೆನ್ನಿ: ಅವಳ ವರ್ಷದ 24,000ಕ್ಕೆ ನಿಮ್ಮ 9,600 ಕೂಡಿಸಿದರೆ 33,600. ಯಾರೂ ಬೆರಳೆತ್ತದೆ, ಬರೀ ಸರ್ಕಾರದ ದುಡ್ಡಿನಲ್ಲೇ ಮಿತಿ ಮೀರಿತು! ಈ ಕೂಡಿಸುವ ಲೆಕ್ಕವನ್ನು ದಯವಿಟ್ಟು ಯಾವ ಸಾಹೇಬರಿಗೂ ತೋರಿಸಬೇಡಿ.

ನರಗುಂದದವರಿಗೆ ಇಂಥ ಲೆಕ್ಕ ಹೊಸದಲ್ಲ. ಮಲಪ್ರಭೆಯ ನೀರು ಹೊಲ ಮುಟ್ಟುವ ಮೊದಲೇ ಅಭಿವೃದ್ಧಿ ಕರ ಕೇಳಿದ್ದಕ್ಕೆ 1980ರ ಜುಲೈನಲ್ಲಿ ಆ ಊರು ಎದ್ದು ನಿಂತು ಗುಂಡೇಟು ತಿಂದಿತು. ಆಗ ಬಾರದ ನೀರಿಗೆ ಕರ. ಈಗ ಮಳೆ ಕೈಕೊಟ್ಟ ಎರಡೆಕರೆ ಎರಿ ಹೊಲವನ್ನೂ ಉತಾರದಲ್ಲಿ ಕಂಡು, ಬಾರದ ಬೆಳೆಯ ಆದಾಯಕ್ಕೆ ದಂಡ.

ಕಾನೂನು ಇಲ್ಲವೇ ಅಂದರೆ, ಉಂಟು, ಭರ್ಜರಿಯಾಗಿಯೇ ಉಂಟು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಕಲಮು ಹೇಳುವುದು: ಇತರರಿಗೆ ಕೊಡುವ ಅಂಥದೇ ನೆರವಿಗಿಂತ ಅಂಗವಿಕಲರಿಗೆ ಕನಿಷ್ಠ ಶೇ 25 ಹೆಚ್ಚು ಕೊಡಬೇಕು. ವೃದ್ಧರ ಸಂಧ್ಯಾ ಸುರಕ್ಷಾ 1,200 ರೂಪಾಯಿ. ಅದಕ್ಕೆ ಶೇ 25 ಸೇರಿಸಿದರೆ 1,500. ಶೇ 75ರೊಳಗಿನ ಊನಕ್ಕೆ ಕೊಡುತ್ತಿರುವುದು 800. ಮೂವತ್ತರ ಹುಡುಗ ಕಾಲಿಲ್ಲದೆ ಕೂತು 65 ತುಂಬುವುದನ್ನೇ ಎದುರು ನೋಡಿದರೆ, ಮುಪ್ಪಿನಲ್ಲಿ 400 ರೂಪಾಯಿ ಬಡ್ತಿ ಖಂಡಿತ.

ಇಡೀ ವ್ಯವಸ್ಥೆ ಮರೆತಿರುವ ಸಂಗತಿ ಒಂದೇ: ದುಡಿಮೆ ಬಂದರೆ ಕಾಲು ಬರುವುದಿಲ್ಲ. ಊರುಗೋಲಿನ ತುದಿಯ ರಬ್ಬರ್ ಬುಚ್ಚು ಮನೆಯಲ್ಲಿ ಕೂತವನಿಗಿಂತ ಕೆಲಸಕ್ಕೆ ಹೋಗುವವನದೇ ಬೇಗ ಸವೆಯುತ್ತದೆ. ಬಸ್ಸಿನ ಮೆಟ್ಟಿಲು ಏರಲಾಗದವನು ಟಂಟಂಗೆ ಕೊಡುವ ದುಡ್ಡು ಸಂಬಳದಿಂದಲೇ ಹೋಗುತ್ತದೆ. ಸರ್ಕಾರಿ ನೌಕರಿಯ ಮೀಸಲಾತಿಯಲ್ಲಿ ದಡ ಸೇರಿದವನಿಗೆ ಮಾಸಾಶನ ಹೋದರೆ ಅಳಲು ಕಾರಣವಿಲ್ಲ. ಸಿಕ್ಕಿಬೀಳುವವರು ಗಜೇಂದ್ರಗಡದಲ್ಲಿ ಮಗ್ಗದ ಮನೆಗೆ ಕಂಡಿಕೆ ಸುತ್ತಿಕೊಡುವವರು, ರೋಣದ ಸಂತೆಯಲ್ಲಿ ಬಳ್ಳೊಳ್ಳಿ ಹರವಿಕೊಂಡು ಕೂತವರು: ಈ ತಿಂಗಳು ಉಂಟು, ಮುಂದಿನ ತಿಂಗಳು ಇಲ್ಲ ಅನ್ನುವ ಗಳಿಕೆಯವರು.

ಅಮೆರಿಕದವರೇನು ಧರ್ಮರಾಯರಲ್ಲ. ಅಲ್ಲಿಯೂ ಬಡ ಅಂಗವಿಕಲರ ನೆರವು ಪಡೆಯುವವನ ಬಳಿ 2,000 ಡಾಲರ್‌ಗಿಂತ ಹೆಚ್ಚು ಉಳಿತಾಯ ಇರುವಂತಿಲ್ಲ. 1989ರಿಂದ ಆ ಅಂಕಿ ಅಲ್ಲಾಡಿಲ್ಲ. ಆದರೂ ತಿಂಗಳ ದುಡಿಮೆಯಲ್ಲಿ ಮೊದಲ 65 ಡಾಲರ್ ಲೆಕ್ಕಕ್ಕಿಲ್ಲ, ಆಮೇಲೆ ಎರಡು ಡಾಲರ್ ಗಳಿಸಿದರೆ ಒಂದನ್ನು ಮಾತ್ರ ಕಡಿಯುತ್ತಾರೆ. ನಮ್ಮಲ್ಲಿ ಕಡಿಯುವ ತಾಪತ್ರಯವೇ ಇಲ್ಲ. ಬುಡಸಮೇತ ಕೀಳುವುದು.

ನಮ್ಮ ಗದಗ ಜಿಲ್ಲೆಯ ವೀರೇಶ್ವರ ಪುಣ್ಯಾಶ್ರಮವನ್ನೇ ನೋಡಿ. ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು, ನಾಟಕ ಕಂಪನಿ ಕಟ್ಟಿದರು. ಸ್ವತಃ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ನಾಟಕ ಬರೆದರು, 2010ರಲ್ಲಿ ಪದ್ಮಭೂಷಣರಾದರು. ಪುಣ್ಯಕ್ಕೆ ನಾಟಕ ಕಂಪನಿ ಕಟ್ಟಿದ ಕಾಲಕ್ಕೆ ಈ ಮಾಸಾಶನ ಇರಲಿಲ್ಲ. ಇದ್ದಿದ್ದರೆ ಥೇಟರಿನ ಬಾಗಿಲಲ್ಲಿ ಯಾರಾದರೂ ನಿಂತು 'ಇವತ್ತಿನ ಕಲೆಕ್ಷನ್ ಎಷ್ಟ್ರಿ?' ಎಂದು ಬರೆದುಕೊಂಡು ಹೋಗಿ, ಹಾರ್ಮೋನಿಯಂ ನುಡಿಸುವವನ ಮಾಸಾಶನ ಕತ್ತರಿಸುತ್ತಿದ್ದರು.

ಒಂದು ಕಾಲು ಪೋಲಿಯೊಗೆ ಹೋದ ಟೇಲರ್ ಒಬ್ಬ ನಮ್ಮ ಕಡೆ ಇದ್ದಾನೆ. ತುಳಿಯಲು ಆಗದೆ ಹೊಲಿಗೆ ಮಷಿನ್ನಿಗೆ ಮೋಟರ್ ಕೂರಿಸಿಕೊಂಡಿದ್ದಾನೆ. ಒಂದು ಕಚೇರಿಯಲ್ಲಿ ಅವನಿಗೂ ಸಾಹೇಬರಿಗೂ ನಡೆದ ಮಾತು ಇಷ್ಟು:

"ದುಡೀತಿಯೇನಪಾ?"

"ಅಷ್ಟಿಷ್ಟು ಹೊಲೀತೀನ್ರಿ."

"ಎಷ್ಟು ಬರ್ತೈತಿ?"

"ಸಾಲಿ ಸುರು ಆದಾಗ ಬರ್ತೈತ್ರಿ. ಆಷಾಢದಾಗ ಸೂಜಿಗೆ ದಾರಾನೂ ಹಾಕೂದಿಲ್ರಿ."

"ಹಂಗಾದ್ರ ದುಡಿಯಾಕ ಬರ್ತೈತಲ್ಲ! ಮತ್ತ ಪಗಾರ ಯಾಕ ನಿನಗ?"

ಅಂದಿನಿಂದ ಅಂಗಡಿಯ ಬೋರ್ಡಿನಲ್ಲಿ ಹೆಂಡತಿಯ ಅಣ್ಣನ ಹೆಸರು. ಮೊನ್ನೆ ಡಿಸೆಂಬರ್ 3ರ ಅಂಗವಿಕಲರ ದಿನಾಚರಣೆಗೆ ಇವನನ್ನೇ ಹುಡುಕಿಕೊಂಡು ಬಂದರು, 'ಸ್ವಾವಲಂಬಿ ಸಾಧಕ' ಎಂದು ಸನ್ಮಾನ ಮಾಡಲು. ಇವನು ಬೆವತುಹೋದ. "ಶಾಲು ಹೊಚ್ಚಿರಿ, ಹಾರ ಹಾಕ್ರಿ, ಬ್ಯಾಡ ಅನ್ನೂದಿಲ್ರಿ. ಮೈಕಿನಾಗ ಹೊಲೀತಾನ ಅಂತ ಮಾತ್ರ ಅನಬ್ಯಾಡ್ರಿ. ಪೇಪರಿನ್ಯಾಗ ಬಂದ್ರ ಸತ್ತೆ."

ಸಂಘಟಕರು ಒಪ್ಪಿದರು. ಪಾಪ, ನಿರೂಪಕರದೇ ಫಜೀತಿ: ಸಾಧನೆ ಎಂಬ ಕಾಲಮಿನಲ್ಲಿ ಏನು ಓದಬೇಕು?