ಯಾರಿಗೂ ತೊಂದರೆ ಕೊಡದ ಮಾವ

ನಮ್ಮ ಸೋದರಮಾವ ಯಾರಿಗೂ ತೊಂದರೆ ಕೊಡುವವರಲ್ಲ. ಇದನ್ನು ಅವರೇ ದಿನಕ್ಕೆ ನಾಲ್ಕು ಸಲ ಹೇಳುತ್ತಾರೆ. ಮದುವೆ ಮನೆಯಲ್ಲಿ ಎಲ್ಲರಿಗೂ ಮಂಚ ಹಾಸಿಗೆ ಹೊಂದಿಸುತ್ತಿದ್ದರೆ, "ನನಗೇನೂ ಬೇಡಪ್ಪ, ಬಾಗಿಲ ಹತ್ರ ಒಂದು ಚಾಪೆ ಸಾಕು" ಎಂದು ಅಡ್ಡಡ್ಡ ಮಲಗಿಬಿಡುತ್ತಾರೆ. ರಾತ್ರಿ ಬಚ್ಚಲಿಗೆ ಎದ್ದವರೆಲ್ಲ ಅವರನ್ನು ಎಡವಿಯೇ ಹೋಗಬೇಕು. ಯಾರ ಮನೆಗೆ ಹೋದರೂ "ಕಾಫಿ ಮಾಡೋ ತೊಂದರೆ ತಗೋಬೇಡಿ, ಬಿಸಿನೀರಿಗೆ ಎರಡು ಹನಿ ನಿಂಬೆರಸ, ಚೂರು ಜೇನುತುಪ್ಪ, ಅಷ್ಟೆ" ಎನ್ನುತ್ತಾರೆ. ಆ ಮನೆಯಲ್ಲಿ ಇರುವುದು ಕಾಫಿಯೊಂದೇ. ಆಮೇಲೆ ಮನೆಯ ಹುಡುಗ ನಿಂಬೆಹಣ್ಣಿಗೆ ಅಂಗಡಿಗೆ ಓಡುತ್ತಾನೆ.

ಇಂಥವರು ಪ್ರತಿ ಮನೆತನದಲ್ಲೂ ಒಬ್ಬರಿರುತ್ತಾರೆ. ನಮ್ಮ ಪಾಲಿನವರು ಅರಸೀಕೆರೆಯಲ್ಲಿ ಭೂಗೋಳದ ಮೇಷ್ಟ್ರಾಗಿ ನಿವೃತ್ತರಾಗಿ, ಅತ್ತೆಯನ್ನು ಕರೆದುಕೊಂಡು, ಸಾಲ್ಟ್ ಲೇಕ್ ಸಿಟಿಯ ನಮ್ಮ ಮನೆಗೆ ಬಂದಿದ್ದರು. ಬಂದ ಮೂರನೇ ದಿನ ನನ್ನ ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಏನೋ ಬಿದ್ದುಹೋಗಿದೆಯೆಂದು ನಾನು ಓಡಿದೆ.

"ನಂಬರ್ ಪ್ಲೇಟಿನ ಮೇಲೆ ಒಂದು ಕಮಾನಿದೆಯಲ್ಲೋ, ಇದು ಎಲ್ಲಿರೋದು?"

ಯೂಟಾ ರಾಜ್ಯದ ನಂಬರ್ ಪ್ಲೇಟಿನ ಮೇಲೆ ಡೆಲಿಕೇಟ್ ಆರ್ಚ್ ಎಂಬ ಕಲ್ಲಿನ ಕಮಾನಿನ ಚಿತ್ರವಿರುತ್ತದೆ. ಅದಿರುವುದು ಮೋಆಬ್ ಎಂಬ ಊರಿನ ಪಕ್ಕ, ಆರ್ಚಸ್ ರಾಷ್ಟ್ರೀಯ ಉದ್ಯಾನದಲ್ಲಿ. ನಮ್ಮ ಮನೆಯಿಂದ ಸುಮಾರು 235 ಮೈಲಿ, ಕಾರಲ್ಲಿ ನಾಲ್ಕು ಗಂಟೆ. "ಶನಿವಾರ ಬೆಳಿಗ್ಗೆ ಹೊರಟರೆ ಭಾನುವಾರ ರಾತ್ರಿ ವಾಪಸ್, ಮಾವ" ಎಂದೆ.

"ನೀನು ವಾರವೆಲ್ಲ ದುಡಿದಿರ್ತೀಯ. ನಾಲ್ಕು ಗಂಟೆ ಡ್ರೈವ್ ಮಾಡಿಸಿ ನಿನಗೆ ತೊಂದರೆ ಕೊಡೋದಾ? ನಾನು ರೈಲಲ್ಲೋ ಬಸ್ಸಲ್ಲೋ ಹೋಗಿಬರ್ತೀನಿ."

ಅಮೆರಿಕದ ಮರುಭೂಮಿಯ ಊರಿಗೆ ರೈಲಲ್ಲೋ ಬಸ್ಸಲ್ಲೋ! ಅರಸೀಕೆರೆ ಜಂಕ್ಷನ್ನಿನಲ್ಲಿ ಬೆಳೆದವರಿಗೆ ಭೂಮಿಯ ಮೇಲಿನ ಯಾವ ಊರೂ ಎರಡು ಬದಲಾವಣೆಗಿಂತ ದೂರವಿರುವುದಿಲ್ಲ. ಎರಡು ದಿನ ನನ್ನ ಲ್ಯಾಪ್‌ಟಾಪು ಅವರ ತೊಡೆಯ ಮೇಲಿತ್ತು. ಮೂರನೆಯ ದಿನ ಗೆದ್ದ ಮುಖದಲ್ಲಿ ಎದ್ದರು. ಷಿಕಾಗೋದಿಂದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯವರೆಗೆ ಓಡುವ ಕ್ಯಾಲಿಫೋರ್ನಿಯಾ ಜೆಫೈರ್ ದಿನಕ್ಕೊಂದು ಸಲ ನಮ್ಮ ಊರಿಗೂ ಬರುತ್ತದೆ. ಅದು ಗ್ರೀನ್ ರಿವರ್ ಎಂಬಲ್ಲಿ ನಿಲ್ಲುತ್ತದೆ. ಅಲ್ಲಿಂದ ಮೋಆಬ್ ಐವತ್ತೇ ಮೈಲಿ. "ಐವತ್ತು ಮೈಲಿಗೆ ಏನಾದ್ರೂ ಒಂದು ಸಿಗಲ್ವೇನೋ?"

ಪೂರ್ವಕ್ಕೆ ಹೋಗುವ ಆ ರೈಲು ಸಾಲ್ಟ್ ಲೇಕ್ ಬಿಡುವುದು ಬೆಳಗಿನ ಜಾವ ಮೂರರ ಮೇಲೆ. ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದರು: "ಒಬ್ಬರೇ ಹೋಗೋದು ಬೇಡ. ನೀನೂ ಹೋಗು. ಅವರ ಬಿ.ಪಿ. ಮಾತ್ರೆ ಈ ಜೇಬಲ್ಲಿದೆ." ಹೀಗೆ ನನಗೆ ನಾಲ್ಕು ಗಂಟೆಯ ಡ್ರೈವಿಂಗಿನ ತೊಂದರೆ ತಪ್ಪಿಸಲಿಕ್ಕೆ, ನಾನು ಎರಡು ದಿನ ರಜೆ ಹಾಕಿ, ಮಧ್ಯರಾತ್ರಿ ಎದ್ದು, ಹೆಂಡತಿಯನ್ನೂ ಎಬ್ಬಿಸಿ, ಅವಳ ಕೈಲಿ ಸ್ಟೇಷನ್ನಿಗೆ ಬಿಡಿಸಿಕೊಂಡು ರೈಲು ಹತ್ತಿದೆ. ಪೆಟ್ರೋಲು ತುಂಬಿಸಿಟ್ಟಿದ್ದ ಕಾರು ಪ್ಲಾಟ್‌ಫಾರಂ ಆಚೆಯಿಂದ ನನ್ನನ್ನು ನೋಡುತ್ತಿತ್ತು, ನಂಬರ್ ಪ್ಲೇಟಿನ ಕಮಾನಿನ ಸಮೇತ.

ಬೆಳಿಗ್ಗೆ ಗ್ರೀನ್ ರಿವರ್‌ನಲ್ಲಿ ಇಳಿದವರು ನಾವಿಬ್ಬರೇ. ಟಿಕೆಟ್ ಕೌಂಟರಿಲ್ಲ, ಸ್ಟೇಷನ್ ಮಾಸ್ಟರಿಲ್ಲ, ಗಂಟೆಯಿಲ್ಲ. ಮಾವ ಪ್ಲಾಟ್‌ಫಾರಮ್ಮಿನ ಆ ತುದಿಗೂ ಈ ತುದಿಗೂ ನಡೆದು, "ಒಂದು ವಡೆಯವನಾದ್ರೂ ಬೇಡ್ವೇ? ಇದು ಸ್ಟೇಷನ್ನಲ್ಲ ಕಣೋ, ರೈಲಿಗೆ ಸುಸ್ತಾದಾಗ ನಿಲ್ಲೋ ಜಾಗ" ಎಂದರು. ಐವತ್ತು ಮೈಲಿಗೆ ಸಿಗಬೇಕಾಗಿದ್ದ ಆಟೋ, ಟೆಂಪೋ, ಜೀಪು ಯಾವುದೂ ಸಿಗಲಿಲ್ಲ. ಸಿಗುವುದಿಲ್ಲವೆಂದು ಗೊತ್ತಿದ್ದ ನಾನು ಮೊದಲೇ ಒಂದು ಬಾಡಿಗೆ ವ್ಯಾನು ಗೊತ್ತುಮಾಡಿದ್ದೆ. ಅದರ ಬಾಡಿಗೆ ರೈಲಿನ ಟಿಕೆಟ್ಟನ್ನು ಮೀರಿಸಿತ್ತು. ಮಾವನಿಗೆ ಹೇಳಲಿಲ್ಲ, ಬಿ.ಪಿ. ಮಾತ್ರೆ ಒಂದೇ ಹಾಳೆ ಇತ್ತು.

ಆದರೆ ವ್ಯಾನು ಹೊರಡುವ ಮೊದಲು ಮಾವ ಒಂದು ಅನಾಹುತ ಮಾಡಿದರು. ಗ್ರೀನ್ ರಿವರ್ ಕಲ್ಲಂಗಡಿ, ಕರಬೂಜಕ್ಕೆ ಹೆಸರಾದ ಊರು. ಸೆಪ್ಟೆಂಬರ್ ಕೊನೆಯಾದ್ದರಿಂದ ರಸ್ತೆ ಬದಿ ಇನ್ನೂ ಹಣ್ಣಿನ ರಾಶಿಯಿತ್ತು. ಮಾವ ಒಂದೊಂದನ್ನೂ ಕಿವಿಗೆ ಹಿಡಿದು, ಬೆರಳಲ್ಲಿ ಟಕಟಕ ತಟ್ಟಿ, ಏಳನೆಯದನ್ನು ಆರಿಸಿದರು. ಎಳೆಗೂಸಿನಷ್ಟು ದೊಡ್ಡದು. "ಬರಿಗೈಲಿ ಹೋಗಬಾರದು." ಯಾರ ಮನೆಗೆ ಎಂದು ನಾನು ಕೇಳಲಿಲ್ಲ. ಅಲ್ಲಿಂದ ಮುಂದೆ ಆ ಕೂಸು ನನ್ನ ಬೆನ್ನ ಮೇಲಿತ್ತು.

ಮೋಆಬ್ ಐದು ಸಾವಿರ ಚಿಲ್ಲರೆ ಜನರ ಊರು. ಅರಸೀಕೆರೆಯ ಸಂತೆಗೆ ಹೋಲಿಸಿ ಮಾವ ನಕ್ಕರು. ಆದರೆ ಬೀದಿಯಲ್ಲಿ ಇರುವ ವಾಹನ ನೋಡಿ ನಗು ನಿಂತಿತು. ಜೀಪುಗಳು, ಜೀಪನ್ನು ಹೊತ್ತ ಟ್ರೈಲರುಗಳು, ದೋಣಿ ಎಳೆಯುವ ಟ್ರಕ್ಕುಗಳು, ತಲೆಯ ಮೇಲೆ ನಾಲ್ಕು ಸೈಕಲ್ಲು ಹೊತ್ತ ಕಾರುಗಳು. 1967ರಿಂದ ಪ್ರತಿ ಈಸ್ಟರ್‌ಗೆ ಜೀಪಿನವರ ಜಾತ್ರೆಯೇ ನಡೆಯುವ ಊರು ಇದು. ಸಾಹಸಕ್ಕೆಂದು ಬಂದವರು ಕಡೆಯ ನೂರು ಗಜದವರೆಗೂ ಏಸಿ ಹಾಕಿಕೊಂಡೇ ಬರುತ್ತಾರೆ. ಅಲ್ಲಿ ನಡೆಯುವವನೆಂದರೆ ಒಂದೋ ಕಾರು ಕೆಟ್ಟವನು, ಇಲ್ಲ ನಮ್ಮ ಮಾವ.

ಸೈಕಲ್ ಸವಾರರನ್ನು ಬೆಟ್ಟದ ತುದಿಗೆ ಬಿಡುವ ವ್ಯಾನುಗಳೂ ಇವೆ. ಸೈಕಲ್ಲನ್ನೂ ಅವರನ್ನೂ ಮೇಲೆ ಒಯ್ದು ಬಿಡುವುದು, ಅವರು ಬಂಡೆಗಳ ಮೇಲೆ ದಡಬಡ ಇಳಿದು ಬರುವುದು. ಇದು ಅಲ್ಲಿನ ದೊಡ್ಡ ಸಾಹಸ. ನಾನು ವಿವರಿಸಿದೆ. ಮಾವ ಬಹಳ ಹೊತ್ತು ಯೋಚಿಸಿ ಕೇಳಿದರು: "ಚಾಮುಂಡಿ ಬೆಟ್ಟಕ್ಕೆ ಬಸ್ಸಲ್ಲಿ ಹೋಗಿ, ಸಾವಿರ ಮೆಟ್ಟಿಲು ಇಳಿದು ಬಂದರೆ ಹರಕೆ ತೀರುತ್ತೇನೋ?"

ಊರೊಳಗೆ ಓಡಾಡಲು ಊರಿನವರದೇ ಒಂದು ಪುಟ್ಟ ಬಸ್ಸಿದೆ. ಕಾಸಿಲ್ಲ. ಮಾವ ನಂಬಲಿಲ್ಲ. "ಗಂಡಸರಿಗೂ ಫ್ರೀನಾ?" ಎಂದು ಮೂರು ಸಲ ಕೇಳಿದರು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಅತ್ತೆ ಪುಕ್ಕಟೆ, ತಾವು ಮಾತ್ರ ಕಾಸು ಕೊಟ್ಟು ಧರ್ಮಸ್ಥಳಕ್ಕೆ ಹೋಗಿಬರುವ ಸಂಕಟ ಅವರದು. ಅದು ಅವತ್ತು ತೀರಿತು. ಇಳಿಯುವಾಗ ಡ್ರೈವರಿನ ಮುಂದೆ ಕೈ ಚಾಚಿ, ಟಿಕೆಟ್ ಕೇಳಿದರು. ಅವಳು ಮತ್ತೆ ಹೇಳಿದಳು, ಉಚಿತ ಎಂದು. ಮಾವ ನನ್ನ ಕಡೆ ತಿರುಗಿ, "ಝೀರೋ ಟಿಕೆಟ್ ಆದ್ರೂ ಹರಿದು ಕೊಡಬೇಕು ಅಂತ ಹೇಳು. ಚೆಕಿಂಗ್‌ನವರು ಹತ್ತಿದರೆ?"

ಆ ಬಸ್ಸು ಹೋಗದ ಒಂದೇ ಜಾಗವೆಂದರೆ ನಾವು ಹೋಗಬೇಕಾಗಿದ್ದ ಜಾಗ. ಇದೇ ರಾಜ್ಯದ ಝಯಾನ್ ಉದ್ಯಾನದಲ್ಲಿ 2000ದಿಂದ ಜನರನ್ನು ಹೊತ್ತು ತಿರುಗುವ ಬಸ್ಸಿದೆ, ಆರ್ಚಸ್‌ನಲ್ಲಿ ಇಲ್ಲ. ಉದ್ಯಾನದ ಬಾಗಿಲು ಊರಿಂದ ಐದು ಮೈಲಿ. ಬಾಗಿಲಿಂದ ನಮ್ಮ ಕಮಾನಿನ ಕಾಲುದಾರಿ ಶುರುವಾಗುವ ಜಾಗಕ್ಕೆ ಮತ್ತೆ ಹನ್ನೆರಡು ಮೈಲಿಗಿಂತ ಹೆಚ್ಚು. ಪ್ರವಾಸಿ ವ್ಯಾನು ಹಿಡಿಯೋಣವೆಂದೆ. "ಇಬ್ಬರಿಗೋಸ್ಕರ ಅವರಿಗೆ ಯಾಕೆ ತೊಂದರೆ? ಸೈಕಲ್ ತಗೊಳ್ಳೋಣ. ಮೂವತ್ತು ವರ್ಷ ಸ್ಕೂಲಿಗೆ ಸೈಕಲ್ಲಲ್ಲೇ ಹೋಗಿದೀನಿ."

ಬಾಡಿಗೆ ಸೈಕಲ್ಲಿನ ಅಂಗಡಿಯ ಹುಡುಗ, ಗಡ್ಡದ ತುಂಬ ಕೆಂಪು ಧೂಳು, ಬಹಳ ಹೆಮ್ಮೆಯಿಂದ ಒಂದು ಸೈಕಲ್ಲು ತಂದು ನಿಲ್ಲಿಸಿದ. ಮುಂದೆ ಸ್ಪ್ರಿಂಗು, ಹಿಂದೆ ಸ್ಪ್ರಿಂಗು, ಎಮ್ಮೆ ಕೊಂಬಿನಂಥ ಹ್ಯಾಂಡಲ್ಲು. ಮಾವ ಅದರ ಸುತ್ತ ಪ್ರದಕ್ಷಿಣೆ ಹಾಕಿದರು. "ಕ್ಯಾರಿಯರ್ ಎಲ್ಲಿ? ಸ್ಟ್ಯಾಂಡ್ ಎಲ್ಲಿ? ಬೆಲ್ಲಿಲ್ಲ, ಮಡ್‌ಗಾರ್ಡಿಲ್ಲ, ಡೈನಮೋ ಇಲ್ಲ. ಎಲ್ಲ ಬಿಚ್ಚಿಟ್ಟುಕೊಂಡು ಬರೀ ಮೂಳೆ ಕೊಡ್ತಿದಾನಲ್ಲೋ, ಇದಕ್ಕೂ ಬಾಡಿಗೆಯಾ?" ನಾನು ಹುಡುಗನಿಗೆ, ಸೈಕಲ್ಲು ಬಹಳ ಚೆನ್ನಾಗಿದೆ ಅಂತಿದಾರೆ ಎಂದು ಅನುವಾದಿಸಿದೆ. ಕ್ಯಾರಿಯರಿಲ್ಲದ್ದರಿಂದ ಕಲ್ಲಂಗಡಿ ನನ್ನ ಬೆನ್ನ ಮೇಲೇ ಉಳಿಯಿತು.

ಆದರೂ ಹೇಳಲೇಬೇಕು, ಆ ಐದು ಮೈಲಿ ನಾನು ಅದುವರೆಗೆ ಕಾರಿನಲ್ಲಿ ಆರು ಸಲ ದಾಟಿ ಒಂದು ಸಲವೂ ನೋಡದ ರಸ್ತೆ. ಹೆದ್ದಾರಿಯ ಪಕ್ಕದಲ್ಲೇ ಸೈಕಲ್ಲಿಗೆಂದು ಡಾಂಬರು ದಾರಿಯಿದೆ. ಕೊಲರಾಡೋ ನದಿಗೆ ನಡೆಯುವವರಿಗೂ ಸೈಕಲ್ಲಿನವರಿಗೂ 2008ರಲ್ಲಿ ಪ್ರತ್ಯೇಕ ಸೇತುವೆ ಕಟ್ಟಿದ್ದಾರೆ. ಮಾವ ಸೇತುವೆಯ ನಡುವೆ ಇಳಿದು, ನದಿಗೆ ಕೈ ಮುಗಿದರು. ನೀರು ಹೊಸಮಳೆಯ ಕಾವೇರಿಯಂತೆ ಕೆಂಪಗಿತ್ತು. ದಾಟಿದ ಮೇಲೆ ಎಡಗಡೆ ಬೇಲಿ ಹಾಕಿದ ದೊಡ್ಡ ಬಯಲು. ಅದೇನೆಂದು ಕೇಳಿದರು. 1952ರಲ್ಲಿ ಚಾರ್ಲಿ ಸ್ಟೀನ್ ಎಂಬಾತನಿಗೆ ಈ ಸೀಮೆಯಲ್ಲಿ ಯುರೇನಿಯಂ ಸಿಕ್ಕಿ ಊರಿಗೆ ಊರೇ ದುಡ್ಡು ಕಂಡದ್ದು, ಅದಿರು ಅರೆದು ಉಳಿದ 1 ಕೋಟಿ 60 ಲಕ್ಷ ಟನ್ ವಿಕಿರಣದ ಮಣ್ಣು ಇಲ್ಲೇ ನದೀತೀರದಲ್ಲಿ ಗುಡ್ಡೆ ಬಿದ್ದಿದ್ದದ್ದು, 2009ರಿಂದ ಅದನ್ನು ಮೂವತ್ತು ಮೈಲಿ ಆಚೆಗೆ ರೈಲಿನಲ್ಲಿ ಸಾಗಿಸಿದ್ದು, ಎಲ್ಲ ಹೇಳಿದೆ.

ಮಾವ ಸೈಕಲ್ಲನ್ನು ನಿಲ್ಲಿಸಿಯೇಬಿಟ್ಟರು. "ರೈಲಿನಲ್ಲಿ? ಇಲ್ಲಿಂದ? ಅಂದರೆ ಈ ಊರಿಗೆ ಹಳಿ ಇದೆ! ಮಣ್ಣಿಗೆ ರೈಲು ಬಿಟ್ಟಿದಾರೆ, ಮನುಷ್ಯರಿಗೆ ಬಿಟ್ಟಿಲ್ಲ!" ಆ ದಿನವೆಲ್ಲ ಈ ಮಾತು ಮತ್ತೆ ಮತ್ತೆ ಬಂತು. ನನ್ನ ಹತ್ತಿರ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಉದ್ಯಾನದ ಬಾಗಿಲಲ್ಲಿ ಇನ್ನೊಂದು ಪೆಟ್ಟು. ಕಾರಿಗೆ, ಒಳಗೆ ಎಷ್ಟು ಜನ ಕೂತಿದ್ದರೂ, 30 ಡಾಲರು. ನಡೆದೋ ಸೈಕಲ್ಲಿನಲ್ಲೋ ಬಂದವರಿಗೆ ತಲೆಗೆ 15. ನಾವಿಬ್ಬರು. ಮೇಷ್ಟ್ರು ಗುಣಿಸಿ ನೋಡಿ ಸುಮ್ಮನಾದರು.

ಬಾಗಿಲು ದಾಟಿದ ಕೂಡಲೇ ರಸ್ತೆ ಬಂಡೆಗೋಡೆಗೆ ಹಾವಿನಂತೆ ಸುತ್ತಿಕೊಂಡು ಏರುತ್ತದೆ. ತಳ್ಳಿಕೊಂಡೇ ಹೋದೆವು. ಮಾವ ಒಂದು ಕೈಲಿ ಸೈಕಲ್ಲು, ಇನ್ನೊಂದರಲ್ಲಿ ಕಪ್ಪು ಛತ್ರಿ. ಆ ಛತ್ರಿಗೆ ಮನೆಯಲ್ಲಿ ನಕ್ಕಿದ್ದೆ. ಮರದ ನೆರಳೆಂಬುದೇ ಇಲ್ಲದ ಆ ಏರಿನಲ್ಲಿ ಇಬ್ಬರು ಅಮೆರಿಕನ್ನರು ಕಾರು ನಿಧಾನಿಸಿ, ಛತ್ರಿ ಎಲ್ಲಿ ಸಿಗುತ್ತದೆಂದು ವಿಚಾರಿಸಿದರು. ಮಾವ ಅರಸೀಕೆರೆಯ ಅಂಗಡಿಯ ಗುರುತು ಹೇಳಿದರು, ಬಸ್ ಸ್ಟ್ಯಾಂಡಿನಿಂದ ಬಲಕ್ಕೆ.

ಸುಸ್ತು ಮರೆಸಲು ಎಡ್ವರ್ಡ್ ಆಬಿಯ ಕಥೆ ತೆಗೆದೆ. 1956-57ರಲ್ಲಿ ಇದೇ ಜಾಗದಲ್ಲಿ ಕಾವಲಿನವನಾಗಿದ್ದವನು, ಇದು ಇನ್ನೂ ರಾಷ್ಟ್ರೀಯ ಉದ್ಯಾನವಾಗಿರದ ಕಾಲ; ಆಮೇಲೆ 1968ರಲ್ಲಿ 'ಡೆಸರ್ಟ್ ಸಾಲಿಟೇರ್' ಬರೆದು, ಇಂಥ ಕಡೆ ಕಾರುಗಳನ್ನೇ ಬಿಡಬಾರದು, ಜನ ನಡೆಯಲಿ ಎಂದು ವಾದಿಸಿದವನು. "ನಮ್ಮ ಪೈಕಿಯವನು ಕಣೋ!" ಎಂದು ಮಾವನ ಎದೆ ಉಬ್ಬಿತು. ಅವನಿಗೆ ಓಡಾಡಲು ಸರ್ಕಾರಿ ಪಿಕಪ್ ಟ್ರಕ್ ಇತ್ತು ಎಂಬುದನ್ನು ನಾನು ನುಂಗಿಕೊಂಡೆ.

ಪಾರ್ಕ್ ಅವೆನ್ಯೂ ಎಂಬ ನೋಟದ ಜಾಗಕ್ಕೆ ಬರುವಷ್ಟರಲ್ಲಿ ನನ್ನ ಮೊಣಕಾಲು ಮುಗಿದಿತ್ತು. ಮಾವ ಸೈಕಲ್ಲಿಗೆ ಬೀಗ ಹಾಕಿಸಿದರು. ರಸ್ತೆ ಬದಿ ನಿಂತು, ಹಾಸನದ ಬಸ್ಸು ನಿಲ್ಲಿಸುವ ರೀತಿಯಲ್ಲಿ, ಇಡೀ ತೋಳು ಅಡ್ಡ ಹಾಕಿದರು. ಹೆಬ್ಬೆರಳು ತೋರಿಸುವುದು ಅಲ್ಲಿನ ಪದ್ಧತಿ. ಈ ತೋಳು ನೋಡಿದವರಿಗೆ ಯಾರೋ ಸತ್ತಿದ್ದಾರೆನ್ನಿಸಿರಬೇಕು. ಮನೆಯನ್ನೇ ಗಾಲಿಯ ಮೇಲೆ ಕೂರಿಸಿದಂಥ ವಾಹನವೊಂದು ಕಿರ್ರೆಂದು ನಿಂತಿತು. ಅಯೋವಾದ ವೃದ್ಧ ದಂಪತಿ.

"ನಿಮಗೆ ತೊಂದರೆ ಕೊಡಬಾರದು" ಎಂದು ಇಂಗ್ಲಿಷಿನಲ್ಲಿ ಹೇಳುತ್ತಲೇ ಮಾವ ಹತ್ತಿ, ಕರವಸ್ತ್ರ ಹಾಕಿ, ಕಿಟಕಿ ಸೀಟಿನಲ್ಲಿ ಕೂತರು. ಕೋಡುಬಳೆ ಹಂಚಿದರು. ಕಡೆಗೂ ಕಲ್ಲಂಗಡಿಗೆ ಮನೆ ಸಿಕ್ಕಿತು. ಆ ವಾಹನದ ಪುಟ್ಟ ಅಡುಗೆಕಟ್ಟೆಯ ಮೇಲೆ ಹಣ್ಣು ಬಾಯಿಬಿಟ್ಟಾಗ ಒಳಗೆ ಕೆಂಡದ ಕೆಂಪು; ಏಳನೆಯದು ಮೋಸ ಮಾಡಿರಲಿಲ್ಲ. ಮಾವ ಜೇಬಿಂದ ಪೊಟ್ಟಣ ತೆಗೆದು ಉಪ್ಪು ಖಾರ ಉದುರಿಸಿದರು. ಅಜ್ಜಿ ಮೊದಲು ಕೆಮ್ಮಿದಳು, ಆಮೇಲೆ ಇನ್ನೊಂದು ಹೋಳು ಕೇಳಿದಳು. ಅಜ್ಜ ನಮ್ಮನ್ನು ಕಮಾನಿನ ದಾರಿಯ ಬುಡಕ್ಕೇ ಬಿಟ್ಟು, ವಾಪಸು ಕರೆದೊಯ್ಯಲು ಅಲ್ಲೇ ಕಾದು ಕೂತ.

ಅಲ್ಲಿಂದ ಒಂದೂವರೆ ಮೈಲಿ, 480 ಅಡಿ ಏರು, ಬೋಳು ಬಂಡೆ. ನಡುವೆ ಒಮ್ಮೆ ಮಾವ ದಾರಿ ಬಿಟ್ಟು ಪೊದೆಯತ್ತ ಸರಿಯುತ್ತಿದ್ದರು. ರಟ್ಟೆ ಹಿಡಿದು ಎಳೆದೆ. ಅಲ್ಲಿನ ಮಣ್ಣಿನ ಮೇಲೆ ಕಪ್ಪಗೆ ಉಬ್ಬಿಕೊಂಡ ಹೆಪ್ಪಿದೆಯಲ್ಲ, ಅದಕ್ಕೆ ಜೀವವಿದೆ, ಸೂಕ್ಷ್ಮಜೀವಿಗಳು ಹೆಣೆದದ್ದು, ಒಂದು ಹೆಜ್ಜೆ ಬಿದ್ದರೆ ಮತ್ತೆ ಕೂಡಲು ಹತ್ತಾರು ವರ್ಷ ಬೇಕು ಎಂದೆ. "ಮೊದಲೇ ಹೇಳಬಾರದೇನೋ, ರಂಗೋಲಿ ತುಳಿದ ಹಾಗಾಗ್ತಿತ್ತು!" ಎಂದರು. ಆಮೇಲೆ ದಾರಿಯುದ್ದಕ್ಕೂ, ಗೆರೆ ದಾಟಿದ ಬಿಳಿ ಹುಡುಗರಿಗೆಲ್ಲ ಛತ್ರಿ ತೋರಿಸಿ ಗದರಿಸುತ್ತ ಬಂದರು. ಹುಡುಗರು ಗದರಿಸಿಕೊಂಡು ದಾರಿಗೆ ಬಂದರು. ಮೇಷ್ಟ್ರ ಧ್ವನಿಗೆ ಭಾಷೆ ಬೇಕಿಲ್ಲ.

ಕಡೆಯ ತಿರುವಿನಲ್ಲಿ ಕಮಾನು ತಟ್ಟನೆ ಎದುರಾಯಿತು. 46 ಅಡಿ ಎತ್ತರದ ಬಾಯಿ, ಆಚೆ ದೂರದಲ್ಲಿ ಲಾಸಾಲ್ ಬೆಟ್ಟಗಳು. ಮಾವ ಛತ್ರಿ ಮಡಿಸಿ ಕೂತರು. ಹತ್ತು ನಿಮಿಷ ಮಾತಿಲ್ಲ. ನನ್ನ ಜನ್ಮದಲ್ಲಿ ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೊಂದೇ ಸಲ. ಆಮೇಲೆ, "ನಂಬರ್ ಪ್ಲೇಟಿನಲ್ಲಿ ಚಿಕ್ಕದಾಗಿ ಬರೆದಿದಾರೆ" ಎಂದರು.

ಮರುದಿನ ಮತ್ತೆ ವ್ಯಾನು, ಗ್ರೀನ್ ರಿವರ್, ಸಂಜೆಯ ರೈಲು. ಸಾಲ್ಟ್ ಲೇಕ್ ತಲುಪಿದಾಗ ರಾತ್ರಿ ಹನ್ನೊಂದು ದಾಟಿತ್ತು. ನಿದ್ದೆಗೆಟ್ಟ ಮಗುವನ್ನು ಹಿಂದಿನ ಸೀಟಿಗೆ ಕಟ್ಟಿ, ಹೆಂಡತಿ ಕಾರಿನಲ್ಲಿ ಕಾಯುತ್ತಿದ್ದಳು. ಮಾವ ಹತ್ತಿ ಕೂತವರೇ ಅರಸೀಕೆರೆಗೆ ಫೋನ್ ಹಚ್ಚಿ, ತಮ್ಮನಿಗೆ ಹೇಳಿದರು: "ಹೋಗಿಬಂದೆ ಕಣೋ. ಕಾರಿಲ್ಲ, ಗೀರಿಲ್ಲ. ಒಬ್ಬರಿಗೂ ತೊಂದರೆ ಕೊಡಲಿಲ್ಲ."

ಈಗ ಅವರಿಗೆ ಇನ್ನೊಂದು ಗೊತ್ತಾಗಿದೆ. ಅರಿಜೋನಾದ ವಿಲಿಯಮ್ಸ್ ಎಂಬ ಊರಿನಿಂದ ಗ್ರ್ಯಾಂಡ್ ಕ್ಯಾನ್ಯನ್ನಿನ ಅಂಚಿನವರೆಗೂ ರೈಲಿದೆ. ವಿಲಿಯಮ್ಸ್‌ವರೆಗೆ "ಏನಾದ್ರೂ ಒಂದು ಸಿಗುತ್ತೆ" ಎನ್ನುತ್ತಿದ್ದಾರೆ. ಆ ಸೀಮೆಯಲ್ಲಿರುವ ಕನ್ನಡಿಗರ ನಂಬರುಗಳನ್ನು ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದಾರೆ. ಅರಿಜೋನಾದ ಕನ್ನಡ ಬಂಧುಗಳೇ, ಈ ವಾರ ಗುರುತಿಲ್ಲದ ನಂಬರಿನಿಂದ ಫೋನ್ ಬಂದು, "ನಿಮಗೆ ತೊಂದರೆ ಕೊಡಬಾರದು ಅಂತ..." ಎಂದು ಮಾತು ಶುರುವಾದರೆ, ದಯವಿಟ್ಟು ಮನೆಯಲ್ಲಿ ನಿಂಬೆಹಣ್ಣು ತಂದಿಟ್ಟುಕೊಳ್ಳಿ.