ಮುಕ್ತ–ವಾಣಿಜ್ಯ ತಂತ್ರಾಂಶ ಭೇದ ನಿರ್ಣಯ: ಉಡುಪಿ ಪರಿಸರದ ಒಂದು ಅಧ್ಯಯನ

ಎಲ್ಲವೂ ಒಂದೇ ಎನ್ನುವವರಿಗೆ ಉಡುಪಿಯಲ್ಲಿ ಕೆಲಸವಿಲ್ಲ. ಪಂಚಭೇದ ಸಾರಿದ ಮಧ್ವಾಚಾರ್ಯರ ಊರಿದು. ಆದ್ದರಿಂದ ತಂತ್ರಾಂಶವನ್ನು ಪುಕ್ಕಟೆ ಕೊಡುವವನ ಪ್ರೇರಣೆ ಬೇರೆ, ಮಾರುವವನದು ಬೇರೆ ಎಂದು ಮೊದಲೇ ತೀರ್ಮಾನಿಸಿ ಸಂಶೋಧನೆಗೆ ಇಳಿದಿದ್ದೇವೆ. ಪಿಎಚ್.ಡಿ. ಕ್ರಮವೂ ಹೀಗೇ ಎಂದು ಕೇಳಿಬಲ್ಲೆವು.

ಪೂರ್ವಪಕ್ಷ: ಮುಕ್ತದವನು ತ್ಯಾಗಿ, ಕಂಪನಿಯವನು ಲೋಭಿ.

ತ್ಯಾಗಕ್ಕೆ ಪ್ರಮಾಣ ಹುಡುಕುತ್ತ ಕಾರ್ಕಳದ ಬಂಡೆ ಹತ್ತಿದೆವು. ಉಟ್ಟ ಬಟ್ಟೆಯನ್ನೂ ಇಟ್ಟುಕೊಳ್ಳದೆ ನಿಂತ 42 ಅಡಿಯ ಗೊಮ್ಮಟ. ಅಲ್ಲೇ ಶಾಸನವೂ ಇದೆ: 1432ರಲ್ಲಿ ನಿಲ್ಲಿಸಿದವನು ವೀರಪಾಂಡ್ಯ. ತ್ಯಾಗ ಬಾಹುಬಲಿಯದು, ಹೆಸರು ಅರಸನದು. ಮುಕ್ತ ತಂತ್ರಾಂಶವಾದ ಲಿನಕ್ಸ್ ಕರ್ನಲ್‌ನ ಗಿಟ್ ದಾಖಲೆಯೂ ಇಂಥದೇ ಶಾಸನ. ಒಂದು ಅಲ್ಪವಿರಾಮ ತಿದ್ದಿದವನ ಹೆಸರೂ ಅಲ್ಲಿ ಅಳಿಯದು. ತಿದ್ದುವವರಲ್ಲಿ ಬಹುಪಾಲು ಜನ ಇಂಟೆಲ್, ರೆಡ್ ಹ್ಯಾಟ್‌ಗಳಂಥ ಕಂಪನಿಗಳ ಸಂಬಳದವರು ಎಂಬುದನ್ನು ತ್ಯಾಗದ ಅಧ್ಯಾಯದಲ್ಲಿ ಹೇಳುವುದು ಔಚಿತ್ಯವಲ್ಲ.

ಮುಂದೆ ಕಾಪು. 1901ರ ಆ ದೀಪಸ್ತಂಭದ ಬೆಳಕು ಮಲ್ಪೆಯ ದೋಣಿಗೂ ಪರದೇಶದ ಹಡಗಿಗೂ ಒಂದೇ. ಮೇಲೆ ಹತ್ತಿ ಸಮುದ್ರ ನೋಡುವುದಾದರೆ ಮಾತ್ರ ಟಿಕೆಟು. ಬೆಳಕು ಪುಕ್ಕಟೆ, ಮೆಟ್ಟಿಲಿಗೆ ದುಡ್ಡು! ತಂತ್ರಾಂಶ ಬಿಟ್ಟಿ, ಸೇವೆಗೆ ಚಂದಾ ಎಂಬ ಈ ಸೂತ್ರದಲ್ಲೇ ಬೆಳೆದ ರೆಡ್ ಹ್ಯಾಟನ್ನು ಐಬಿಎಂ 2019ರಲ್ಲಿ 3,400 ಕೋಟಿ ಡಾಲರಿಗೆ ಕೊಂಡಿತು. ತ್ಯಾಗಕ್ಕೆ ಇಷ್ಟು ರೇಟಿದೆಯೆಂದು ಅಷ್ಟಮಠಗಳಿಗೂ ಗೊತ್ತಿರಲಿಕ್ಕಿಲ್ಲ.

ಇನ್ನು ಲೋಭ. 1996ರಲ್ಲಿ ರೋಹಿತ್ ಭಟ್ ರೋಬೋಸಾಫ್ಟ್ ಎಂಬ ತಂತ್ರಾಂಶ ಕಂಪನಿ ಕಟ್ಟಿದ್ದು ಉಡುಪಿಯಲ್ಲಿ. ದುಡ್ಡೇ ಗುರಿಯಾಗಿದ್ದರೆ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಬೇಕಿತ್ತಲ್ಲ, ಮಾರಾಯ್ರೆ? ಹೋಗಲಿಲ್ಲ. ಲೋಭಿಯ ಲಕ್ಷಣ ಇಲ್ಲಿ ಸಂದೇಹಾಸ್ಪದ ಎಂದು ಬರೆದುಕೊಳ್ಳುವಷ್ಟರಲ್ಲಿ, 2021ರಲ್ಲಿ ಜಪಾನಿನ ಟೆಕ್ನೋಪ್ರೊ ಅದನ್ನು 805 ಕೋಟಿ ರೂಪಾಯಿಗೆ ಕೊಂಡು ನಮ್ಮ ಅಡಿಟಿಪ್ಪಣಿ ಕೆಡಿಸಿತು.

ಸಿದ್ಧಾಂತ: ಒಬ್ಬನಿಗೆ ಹೆಸರು ಬೇಕು, ಇನ್ನೊಬ್ಬನಿಗೆ ದುಡ್ಡು. ಭೇದ ಸಿದ್ಧವಾಯಿತು.

ಇಷ್ಟರಲ್ಲಿ ಮಣಿಪಾಲದಿಂದ ಆಕ್ಷೇಪ ಬಂತು. ಅಲ್ಲಿ ಪಾಠ ಹೇಳಿದ ಕೆ.ಪಿ. ರಾವ್, ಇಂಗ್ಲಿಷ್ ಕೀಲಿಮಣೆಯಲ್ಲೇ ಉಚ್ಚಾರದಂತೆ ಕನ್ನಡ ಒತ್ತುವ ವಿನ್ಯಾಸ ಮಾಡಿದರು. ಪೇಟೆಂಟ್ ಮಾಡಿಸಲಿಲ್ಲ, ಆದ್ದರಿಂದ ದುಡ್ಡಿಲ್ಲ. ಸರ್ಕಾರ ಅದನ್ನೇ ಶಿಷ್ಟವೆಂದು ಒಪ್ಪಿತು. ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡುವ ಗುಮಾಸ್ತರು ದಿನವೂ ಒತ್ತುವುದು ಅದನ್ನೇ. ಹಾಗಾದರೆ ಹೆಸರಿಗಾಗಿ ಮಾಡಿರಬೇಕು ಎಂದು ನೋಡಿದರೆ, ಪುಕ್ಕಟೆ ಹಂಚಿದ ತಮ್ಮ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು ‘ಸೇಡಿಯಾಪು’. ಅದು ಪಂಡಿತ ಸೇಡಿಯಾಪು ಕೃಷ್ಣ ಭಟ್ಟರದು!

ಈ ಪ್ರಕರಣ ಸಿದ್ಧಾಂತಕ್ಕೆ ಒಗ್ಗದ ಕಾರಣ ಅನುಬಂಧಕ್ಕೆ ವರ್ಗಾಯಿಸಲಾಗಿದೆ. ಪುಟಮಿತಿಯ ದೆಸೆಯಿಂದ ಅನುಬಂಧವನ್ನು ಮುದ್ರಿಸಿಲ್ಲ.