ಎಕ್ಕ ಬರೋವರೆಗೂ

ಜಯನಗರದಲ್ಲಿ ಜೂಜಾಡುವವರು ಯಾರೂ ಇಲ್ಲ. ಇಸ್ಪೀಟ್ ಆಡುವವರಿದ್ದಾರೆ, ಆ ಮಾತು ಬೇರೆ. ಎರಡಕ್ಕೂ ಏನು ವ್ಯತ್ಯಾಸ ಅಂತ ಕೇಳುವ ಧೈರ್ಯವಿದ್ದವರು ರಾಯರ ಪಕ್ಕ ಹೋಗಿ ಕೂರಬೇಕು. ಅರ್ಧ ಗಂಟೆ ಬಿಡುವು ಮಾಡಿಕೊಂಡು ಹೋಗುವುದು ಒಳ್ಳೆಯದು.

ರಾಯರು ಅಂದರೆ ಒಬ್ಬರೇ ಅಂದುಕೊಳ್ಳಬೇಡಿ. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಸುತ್ತ, ಜೆ.ಪಿ. ನಗರದ ಮಿನಿ ಫಾರೆಸ್ಟಿನ ಬೆಂಚುಗಳ ಮೇಲೆ, ಬನಶಂಕರಿಯ ದರ್ಶಿನಿಗಳ ಮುಂದೆ ಬೈಟೂ ಕಾಫಿ ಹಿಡಿದು ನಿಂತ ಗುಂಪಿನಲ್ಲಿ, ಎಲ್ಲೆಲ್ಲೂ ಅವರಿದ್ದಾರೆ. ಬ್ಯಾಂಕಿನಿಂದಲೋ ಎಲ್‌ಐಸಿಯಿಂದಲೋ ರಿಟೈರಾದವರು. ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ಅದರಲ್ಲೊಂದು ಯಾರಿಗೂ ಕೊಡದೇ ಇರುವುದಕ್ಕೆ. ನಾನು ಹೇಳುತ್ತಿರುವ ರಾಯರು ಮೈಸೂರು ಬ್ಯಾಂಕಿನವರು. 2017ರ ಏಪ್ರಿಲ್ 1ರಂದು ಆ ಬ್ಯಾಂಕನ್ನು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಳಗೆ ಸೇರಿಸಿಬಿಟ್ಟರು. ತಾರೀಕು ನೋಡಿದರೆ ಇದು ತಮಾಷೆಗೆ ಮಾಡಿದ್ದೇ ಇರಬೇಕು, ಯಾವತ್ತಾದರೂ ವಾಪಸ್ ತಗೋತಾರೆ ಎಂದು ರಾಯರು ಇನ್ನೂ ಕಾಯುತ್ತಿದ್ದಾರೆ. ಕಾಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಈ ಕಥೆಯೂ ಅದರದ್ದೇ.

ರಾಯರು ಮೂಲತಃ ರಮ್ಮಿಯವರು. ಹದಿಮೂರೆಲೆ ರಮ್ಮಿಯಲ್ಲಿ ಎಲೆ ಸರಿಯಿಲ್ಲದಿದ್ದರೆ ಶುರುವಿನಲ್ಲೇ ಇಪ್ಪತ್ತು ಪಾಯಿಂಟ್ ಕಟ್ಟಿ ಕೈಬಿಡಬಹುದಲ್ಲ, ಆ ಫಸ್ಟ್ ಡ್ರಾಪಿನ ಮೇಲೆ ಅವರು ತಮ್ಮ ಇಡೀ ಬಾಳನ್ನು ಕಟ್ಟಿದ್ದಾರೆ. ‘ಆಡಿ ಎಂಬತ್ತು ಕಟ್ಟೋದಕ್ಕಿಂತ ಇಪ್ಪತ್ತಕ್ಕೆ ಎದ್ದುಬರೋದು ವಾಸಿ.’ ಈ ಒಂದು ಸೂತ್ರದಿಂದ ಅವರು ಶೇರು ಪೇಟೆ, ಯಲಹಂಕದ ಸೈಟು, ತಮ್ಮನ ಪಾಲುದಾರಿಕೆಯ ಹೋಟೆಲು, ಎಲ್ಲದರಿಂದಲೂ ಪಾರಾಗಿದ್ದಾರೆ. ಆ ಸೈಟಿಗೆ ಈಗ ಎಷ್ಟಿದೆ ಅಂತ ಮಾತ್ರ ಅವರೆದುರು ಯಾರೂ ಎತ್ತಬಾರದು. ಮನೆಯವರು ಎತ್ತುತ್ತಾರೆ.

ಕಾನೂನೂ ಅವರಿಗೆ ಕಂಠಪಾಠ. 1968ರಲ್ಲಿ ಸುಪ್ರೀಂ ಕೋರ್ಟು ಸಿಕಂದರಾಬಾದಿನ ಒಂದು ಕ್ಲಬ್ಬಿನ ಕೇಸಿನಲ್ಲಿ, ರಮ್ಮಿಗೆ ಬಿದ್ದ ಎಲೆಗಳ ನೆನಪು ಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕೆಂಬ ಜಾಣತನ ಬೇಕು, ಆದ್ದರಿಂದ ಅದು ಮುಖ್ಯವಾಗಿ ಕೌಶಲದ ಆಟ ಅಂದಿತು. ಮೂರೆಲೆ ಆಟ ಬರೀ ಅದೃಷ್ಟದ್ದು ಅಂತಲೂ ಅದೇ ತೀರ್ಪಿನಲ್ಲಿದೆ. ಹಾಗಾಗಿ ವರ್ಷತೊಡಕಿನ ದಿನ ಮೂರೆಲೆಗೆ ಕೂರುವ ನೆಂಟರನ್ನು ರಾಯರು ಸುಪ್ರೀಂ ಕೋರ್ಟಿನ ಕಣ್ಣಿಂದಲೇ ನೋಡುತ್ತಾರೆ. 2013ರಲ್ಲಿ ನಮ್ಮ ಹೈಕೋರ್ಟು, ಕೌಶಲದ ಆಟವಾಗಿ ಆಡುವ ಪೋಕರಿಗೆ ಲೈಸೆನ್ಸ್ ಬೇಕಿಲ್ಲ ಅಂದದ್ದು ಪೇಪರಿನಲ್ಲಿ ಬಂದಾಗ ಅದನ್ನು ಕತ್ತರಿಸಿ ಪೆನ್ಷನ್ ಪೇಮೆಂಟ್ ಆರ್ಡರಿನ ಜೊತೆ ಫೈಲು ಮಾಡಿದರು. ಆಗ ಪೋಕರ್ ಅಂದರೆ ಏನು ಅಂತ ಅವರಿಗೆ ಗೊತ್ತಿರಲಿಲ್ಲ. ಆದರೂ ಇರಲಿ ಅಂತ.

ಗೊತ್ತು ಮಾಡಿಸಿದವನು ಬಿಟಿಎಂ ಲೇಔಟಿನಲ್ಲಿರುವ ಸೋದರಳಿಯ. ಸಾಫ್ಟ್‌ವೇರಿನ ಹುಡುಗ, ಮೊಬೈಲಿನಲ್ಲೇ ಆಡಿಕೊಂಡಿದ್ದ. 2021ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದು ಅದಕ್ಕೆ ಬೀಗ ಹಾಕಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಆ ಬೀಗ ತೆಗೆಯಿತು. ಪ್ರೇಮಿಗಳ ದಿನ ಹುಡುಗ ಮತ್ತೆ ಒಂಟಿಯಾಗಿ ಫೋನು ಹಿಡಿದು ಕೂತ. 2025ರ ಆಗಸ್ಟಿನಲ್ಲಿ ಕೇಂದ್ರದ ಕಾಯ್ದೆ ಬಂದು ದುಡ್ಡಿನ ಆ್ಯಪ್‌ಗಳೆಲ್ಲ ಬಾಗಿಲು ಹಾಕಿದ ಮೇಲೆ ಅವನೂ ಅವನ ಸ್ನೇಹಿತರೂ ಮನುಷ್ಯರ ಮುಖ ನೋಡಿಕೊಂಡು ಆಡುವ ಗತಿಗೆ ಬಂದರು. ಭಾನುವಾರ ಫ್ಲಾಟಿನಲ್ಲಿ ಆಟ, ಐದು ಹತ್ತು ರೂಪಾಯಿಯದು. ಅದೇ ತಿಂಗಳು ಹಳದಿ ಮೆಟ್ರೋ ಬೇರೆ ಶುರುವಾಗಿತ್ತು. ಆರ್.ವಿ. ರೋಡಿನಲ್ಲಿ ಹತ್ತಿದರೆ ಮೂರನೇ ಸ್ಟೇಷನ್ನೇ ಬಿಟಿಎಂ. ರಾಯರು ನೋಡಿಬರಲು ಹೋದರು.

ಆಟ ಸುಲಭ. ಒಬ್ಬೊಬ್ಬರಿಗೆ ಎರಡೆರಡು ಎಲೆ ಮುಚ್ಚಿ ಕೊಡುತ್ತಾರೆ, ನಡುವೆ ಐದು ಎಲೆ ಹಂತ ಹಂತವಾಗಿ ಬಿಚ್ಚುತ್ತಾರೆ. ಏಳರಲ್ಲಿ ಒಳ್ಳೆಯ ಐದು ಯಾರದೋ ಅವರಿಗೆ ರಾಶಿ. ನಡುನಡುವೆ ದುಡ್ಡು ಏರಿಸಬಹುದು, ಎದುರಿನವನು ಏರಿಸಿದರೆ ಕೊಡಬಹುದು, ಇಲ್ಲವೇ ಎಲೆ ಬಿಡಬಹುದು. ರಾಯರು ಒಂದೇ ಪ್ರಶ್ನೆ ಕೇಳಿದರು.

‘ಬಿಟ್ಟರೆ ಎಷ್ಟು ಕಟ್ಟಬೇಕು?’

‘ಏನೂ ಇಲ್ಲ ಮಾವ. ಸರದಿ ಮೇಲೆ ಇಬ್ಬರು ಮೊದಲೇ ಸ್ವಲ್ಪ ಹಾಕಿರಬೇಕು, ಬ್ಲೈಂಡು ಅಂತ. ಮಿಕ್ಕವರು ಬಿಟ್ಟರೆ ಪುಕ್ಕಟೆ.’

ಪುಕ್ಕಟೆ! ನಲವತ್ತು ವರ್ಷ ಇಪ್ಪತ್ತು ಪಾಯಿಂಟ್ ಕಟ್ಟಿ ಡ್ರಾಪ್ ಮಾಡಿದ ಮನುಷ್ಯನಿಗೆ ಆ ಕ್ಷಣ ರಾಗಿಗುಡ್ಡದ ಆಂಜನೇಯನೇ ಪ್ರತ್ಯಕ್ಷನಾದಂತಾಯಿತು. ಅವತ್ತಿನಿಂದ ರಾಯರು ಪೋಕರ್ ಆಟಗಾರರು. ಅಂದರೆ ಎಲೆ ಬಿಡುವವರು.

ಅವರ ಲೆಕ್ಕ ಹೀಗೆ. 52 ಎಲೆಯಲ್ಲಿ ಎರಡೆರಡರಂತೆ 1,326 ಬಗೆಯ ಕೈ ಬರಬಹುದು. ಎರಡೂ ಎಕ್ಕವಾಗುವ ಬಗೆ ಆರೇ ಆರು. ಅಂದರೆ 221ಕ್ಕೆ ಒಂದು ಸಲ. ಮೇಜಿನ ಮೇಲೆ ಗಂಟೆಗೆ ಇಪ್ಪತ್ತೈದು ಮೂವತ್ತು ಆಟ ನಡೆಯುತ್ತದೆ. ಎಂಟು ಗಂಟೆ ಅಲ್ಲಾಡದೆ ಕೂತರೆ ಎಕ್ಕದ ಜೋಡಿ ಬಂದೇ ಬರಬೇಕು, ಡಿಪಾಸಿಟ್ ಮೆಚ್ಯೂರ್ ಆದ ಹಾಗೆ. ‘ಬರದೇ ಇರೋ ಚಾನ್ಸು ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಇದೆ ಮಾವ’ ಎಂದು ಹುಡುಗ ಕಾಗದದ ಮೇಲೆ ಬರೆದು ತೋರಿಸಿದ. ರಾಯರು ಕಾಗದ ಮಡಿಸಿ ಜೇಬಿಗಿಟ್ಟುಕೊಂಡರು. ಪಾರ್ಟಿ ಕೊಟ್ಟ ಪತ್ರವನ್ನು ಓದದೆ ಫೈಲು ಮಾಡುವುದು ಅವರ ಹಳೆಯ ಅಭ್ಯಾಸ.

ಎಂಟು ಗಂಟೆ ಕೂರಿಸಿಕೊಳ್ಳುವ ಜಾಗ ಬೇಕಲ್ಲ. ಕರ್ನಾಟಕದಲ್ಲಿ ಕ್ಯಾಸಿನೊ ಇಲ್ಲ. ಗೋವಾದವರು 1996ರಲ್ಲಿ ತಮ್ಮ ಜೂಜಿನ ಕಾಯ್ದೆಗೆ ತಿದ್ದುಪಡಿ ಮಾಡಿ ಹಡಗಿನ ಮೇಲೆ ಮೇಜಿನಾಟ ಆಡಿಸಬಹುದು ಅಂದರು. ಅದಕ್ಕೇ ಪಣಜಿಯ ಮಾಂಡೋವಿ ನದಿಯಲ್ಲಿ ದೀಪದಲಂಕಾರ ಮಾಡಿಕೊಂಡ ಹಡಗುಗಳು ಎಲ್ಲಿಗೂ ಹೋಗದೆ ನಿಂತಿವೆ. 2020ರಿಂದ ಗೋವಾದವರಿಗೇ ಅದರೊಳಗೆ ಪ್ರವೇಶವಿಲ್ಲ. ಒಳಗಿರುವವರೆಲ್ಲ ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರ, ಬಿಟಿಎಂ ಲೇಔಟು. ಹುಡುಗರು ಹೊರಟರು, ರಾಯರೂ ಹೊರಟರು, ರಾಯರನ್ನು ನೋಡಿಕೊಳ್ಳಲಿಕ್ಕೆ ಅಂತ ಅವರ ಮನೆಯವರು ನನ್ನನ್ನು ಕಳಿಸಿದರು.

ಟಿಕೆಟ್ ಕೌಂಟರಿನಲ್ಲೇ ಮೊದಲ ತಕರಾರು. 2025ರ ಸೆಪ್ಟೆಂಬರ್ 22ರಿಂದ ಕ್ಯಾಸಿನೊ ಪ್ರವೇಶಕ್ಕೆ ಜಿಎಸ್‌ಟಿ ಶೇಕಡಾ 40 ಆಗಿದೆ. ‘ಒಳಗೆ ಹೋಗಿ ಕಳಕೊಳ್ಳೋದು ಇರಲಿ, ಹೊಸಿಲಲ್ಲೇ ನಲವತ್ತಾ?’ ಎಂದ ರಾಯರು, ಸೀನಿಯರ್ ಸಿಟಿಜನ್ನರಿಗೆ ಅರ್ಧ ಪರ್ಸೆಂಟಾದರೂ ವ್ಯತ್ಯಾಸ ಉಂಟೇ ಎಂದು ವಿಚಾರಿಸಿದರು. ಕೌಂಟರಿನ ಹುಡುಗಿ ನಕ್ಕಳು. ಅವರು ನಗಲಿಲ್ಲ.

ಸಣ್ಣ ದೋಣಿಯಲ್ಲಿ ಹಡಗು ಸೇರಿದೆವು. ಮೊದಲು ಊಟ. ಟಿಕೆಟಿನಲ್ಲೇ ಊಟವೂ ಸೇರಿದೆ ಎಂಬುದನ್ನು ರಾಯರು ಮೂರು ಜನರನ್ನು ಬೇರೆ ಬೇರೆಯಾಗಿ ಕೇಳಿ ಖಾತ್ರಿ ಮಾಡಿಕೊಂಡು, ಬಫೆಯನ್ನು ಈ ತುದಿಯಿಂದ ಆ ತುದಿವರೆಗೆ ಮುಗಿಸಿ, ಕೈ ತೊಳೆದುಕೊಂಡು ಬಂದು ಕೂತರು. ಆಮೇಲೆ ರೂಲೆಟ್ಟಿನ ಪಕ್ಕ ನಿಂತು ಒಂದು ಪ್ರವಚನ: ‘ಚಕ್ರದಲ್ಲಿ 37 ಮನೆ. ಗೆದ್ದರೆ ಕೊಡೋದು 35 ಪಟ್ಟು. ನೂರು ರೂಪಾಯಿ ಇಟ್ಟರೆ ಸರಾಸರಿ ಎರಡು ರೂಪಾಯಿ ಎಪ್ಪತ್ತು ಪೈಸೆ ಅವರದ್ದು.’ ಕೈತುಂಬ ಚಿಪ್ಪು ಹಿಡಿದ ಮದುವೆ ಗಂಡು ಮತ್ತವನ ಗೆಳೆಯರು ಈ ಮುದುಕ ಕ್ಯಾಸಿನೊದವರೇ ಇಟ್ಟ ಮನುಷ್ಯನಿರಬೇಕು ಅಂದುಕೊಂಡು ಗಮನವಿಟ್ಟು ಕೇಳಿ, ಎಲ್ಲವನ್ನೂ ಹದಿನೇಳರ ಮೇಲೆ ಇಟ್ಟರು.

ಪೋಕರ್ ಮೇಜಿನಲ್ಲಿ ಒಂಬತ್ತು ಕುರ್ಚಿ. ಬ್ಲೈಂಡು 50 ಮತ್ತು 100, ಅಲ್ಲಿಗೆ ಅದೇ ಸಣ್ಣ ಆಟ. ರಾಯರು ಹತ್ತು ಸಾವಿರಕ್ಕೆ ಚಿಪ್ಪು ತೆಗೆದುಕೊಂಡು ಎರಡು ಸಲ ಎಣಿಸಿದರು. ಎಸಿಗೆಂದು ಸ್ವೆಟರು, ಮಂಕಿ ಕ್ಯಾಪು. ಪಕ್ಕದಲ್ಲಿ ಕಪ್ಪು ಕನ್ನಡಕದ ಹುಡುಗ, ಎದುರಿಗೆ ಹುಬ್ಬಳ್ಳಿಯ ಸಾಹುಕಾರ ಒಬ್ಬ, ಎಲೆ ನೋಡುವ ಮೊದಲೇ ಚಿಪ್ಪು ತಳ್ಳುವ ಜಾತಿ.

ಆಟ ಶುರುವಾಯಿತು. ರಾಯರು ಎಲೆಯ ಮೂಲೆಯನ್ನು ಹೆಬ್ಬೆರಳಿಂದ ತುಸುವೇ ಎತ್ತಿ ನೋಡುವರು. ‘ಡ್ರಾಪ್’ ಅನ್ನುವರು. ಆಮೇಲೆ ಆ ಆಟ ಮುಗಿಯುವವರೆಗೂ ಕಣ್ಣಲ್ಲಿ ಕಣ್ಣಿಟ್ಟು ಕೂರುವರು. ನಡುವೆ ಬಿದ್ದ ಐದೆಲೆಗೆ ತಾವು ಬಿಟ್ಟ ಎರಡನ್ನು ಮನಸ್ಸಿನಲ್ಲೇ ಜೋಡಿಸಿ, ತಾವು ಸೋಲುತ್ತಿದ್ದುದು ಖಾತ್ರಿಯಾದ ಮೇಲೆ ಮುಖ ಅರಳುವುದು. ಜೇಬಿನ ಪುಟ್ಟ ಡೈರಿಯಲ್ಲಿ ಏನೋ ಗುರುತು ಹಾಕುವರು. ಒಂಬತ್ತರ ಜೋಡಿ ಬಂತು, ಡ್ರಾಪ್. ಆಟೀನಿನ ರಾಜ ರಾಣಿ ಬಂದವು, ಡ್ರಾಪ್. ನನಗೇ ಹೊಟ್ಟೆ ಉರಿಯಿತು. ನಡುರಾತ್ರಿ ದಾಟುವ ಹೊತ್ತಿಗೆ ಹುಬ್ಬಳ್ಳಿಯವರಿಗೆ ತಡೆಯಲಿಲ್ಲ.

‘ಏನ್ರೀ ಸಾಹೇಬ್ರ, ಆಡಾಕ ಬಂದೀರೋ, ಕಾಯಾಕ ಬಂದೀರೋ?’

‘ಎರಡೂ ಒಂದೇ’ ಅಂದರು ರಾಯರು. ಸಂಜೆಯಿಂದ ಅವರಾಡಿದ ದೊಡ್ಡ ವಾಕ್ಯ ಅದು.

ಕೂರುವುದಕ್ಕೂ ಬಾಡಿಗೆ ಉಂಟು. ಒಂದು ಸುತ್ತು ಬಂದರೆ ಎರಡು ಬ್ಲೈಂಡು ಸೇರಿ 150 ರೂಪಾಯಿ ಹೋಗುತ್ತದೆ. ರಾಯರ ಚಿಪ್ಪಿನ ಗೋಪುರ ಯಾರೂ ಮುಟ್ಟದೆ ತಾನಾಗಿ ಕುಗ್ಗುತ್ತಿತ್ತು. ಎರಡೂವರೆಯ ಸುಮಾರಿಗೆ ಅವರು ಎಂದಿನಂತೆ ಎಲೆಯ ಮೂಲೆ ಎತ್ತಿದರು. ಡ್ರಾಪ್ ಅನ್ನಲಿಲ್ಲ. ಮತ್ತೊಮ್ಮೆ ಎತ್ತಿ ನೋಡಿದರು. ಮಂಕಿ ಕ್ಯಾಪಿನಿಂದ ಹೊರಗಿದ್ದ ಕಿವಿಯ ತುದಿ ಕೆಂಪಗಾಯಿತು. ನೀರು ಕುಡಿದರು. ಸ್ವೆಟರಿನ ಮೇಲಿನ ಗುಂಡಿ ಹಾಕಿಕೊಂಡರು. ಆಮೇಲೆ ‘ನೆಕ್ಸ್ಟ್’ ಎಂದು ಕೌಂಟರಿನಿಂದ ಕೂಗುವ ಹಳೆಯ ದನಿಯಲ್ಲಿ ಹೇಳಿದರು: ‘ರೈಸ್. ಫೋರ್ ಹಂಡ್ರೆಡ್.’

ಮೇಜು ನಿಶ್ಶಬ್ದ. ಪಕ್ಕದ ಹುಡುಗ ಕಪ್ಪು ಕನ್ನಡಕ ತೆಗೆದು ರಾಯರನ್ನು ಬರಿಗಣ್ಣಿನಿಂದ ನೋಡಿ ಎಲೆ ಎಸೆದ. ಅವನ ಆಚೆಯವನೂ ಎಸೆದ. ಕೊನೆಗೆ ಉಳಿದವರು ಹುಬ್ಬಳ್ಳಿಯ ಸಾಹುಕಾರರು. ರಾತ್ರಿಯಿಡೀ ನೋಡದೆ ಆಡಿದವರು ಈ ಸಲ ಎಲೆ ನೋಡಿದರು, ರಾಯರನ್ನು ನೋಡಿದರು, ಮತ್ತೆ ಎಲೆ ನೋಡಿದರು.

‘ರಾಜರ ಜೋಡಿ ಐತಿ ನೋಡ್ರಿ ನನ್ನ ಕೈಯಾಗ’ ಎಂದು ಎರಡೂ ಎಲೆ ಅಂಗಾತ ಬಿಚ್ಚಿಟ್ಟರು. ‘ಆದ್ರ ಈ ಹಿರೇರು ಸಂಜಿಯಿಂದ ಬಾಯಿ ತಗದಿಲ್ಲ. ಈಗ ತಗದಾರಂದ್ರ ಎಕ್ಕ ಬಿಟ್ರ ಬ್ಯಾರೆ ಏನೂ ಇರಾಂಗಿಲ್ಲ. ನಾ ಒಲ್ಲೆ.’

ಎಕ್ಕದ ಜೋಡಿಯ ಎದುರು ರಾಜರ ಜೋಡಿ ಬರುವುದು ಪೋಕರ್ ಆಡುವವರ ಜನ್ಮದ ಕನಸು. ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಸಲ ಗೆಲ್ಲುವುದು ಎಕ್ಕವೇ. ಹಿಂದೆ ನಿಂತಿದ್ದ ಸೋದರಳಿಯ ತಲೆ ಮೇಲೆ ಕೈಹೊತ್ತುಕೊಂಡ. ಸಾಹುಕಾರರ ಮುಂದೆ ಹತ್ತಿಪ್ಪತ್ತು ಸಾವಿರದ ಚಿಪ್ಪಿತ್ತು, ರಾಯರಿಗೆ ದಕ್ಕಿದ್ದು ಎರಡು ಬ್ಲೈಂಡು, ಜೊತೆಗೆ ಯಾರೋ ಸುಮ್ಮನೆ ಹಾಕಿದ್ದ ನೂರು, ಒಟ್ಟು 250. ರಾಯರಿಗೆ ಒಂದಿಷ್ಟೂ ಬೇಸರವಿಲ್ಲ. ನಡುವಿನ ಎಲೆ ಬಿಚ್ಚದೆ ಆಟ ಮುಗಿದರೆ ಕ್ಯಾಸಿನೊದವರು ರಾಶಿಯಿಂದ ತಮ್ಮ ಪಾಲು ಮುರಿದುಕೊಳ್ಳುವುದಿಲ್ಲ. ‘ನೋಡಿದ್ಯಾ, ಕಮಿಷನ್ ಇಲ್ಲ’ ಎಂದು ನನ್ನತ್ತ ತಿರುಗಿ ಕಣ್ಣು ಮಿಟುಕಿಸಿದರು. ಡೀಲರಿಗೆ ಭಕ್ಷೀಸು ಕೊಡುವ ರೂಢಿಯಿದೆ ಎಂದು ಯಾರೋ ಸೂಚಿಸಿದಾಗ ಕಿವಿಯ ಮೇಲೆ ಮಂಕಿ ಕ್ಯಾಪು ಎಳೆದುಕೊಂಡರು.

ಬೆಳಗಿನ ಜಾವ ಎದ್ದಾಗ ಕೈಯಲ್ಲಿ 7,200 ಉಳಿದಿತ್ತು. ಮನೆಯಿಂದ ಫೋನು. ‘ಏನ್ರೀ, ಎಷ್ಟು ಹೋಯ್ತು?’

‘ಹೋಗೋದೇನು ಬಂತು, ಲಾಭ’ ಅಂದರು. ಡೈರಿ ತೆಗೆದು ಓದಿದರು. ಬಿಟ್ಟ ಎಲೆಗಳನ್ನು ಒಂದು ವೇಳೆ ಆಡಿದ್ದರೆ ಕಳೆದುಕೊಳ್ಳುತ್ತಿದ್ದ ಹಣವನ್ನು ಒಂದೊಂದು ಆಟಕ್ಕೂ ಬರೆದಿಟ್ಟಿದ್ದರು: ಒಟ್ಟು 41,350. ಅದರಲ್ಲಿ 2,800 ಕಳೆದರೂ ಎಷ್ಟಾಯಿತು ನೀವೇ ನೋಡಿ ಎಂದರು. ಆಚೆ ಕಡೆಯಿಂದ ಯಲಹಂಕದ ಸೈಟಿನ ಮಾತು ಬಂತೋ ಏನೋ, ಸಿಗ್ನಲ್ ಇಲ್ಲ ಅಂದು ಇಟ್ಟುಬಿಟ್ಟರು.

ವಾಪಸು ಬರುವ ಸ್ಲೀಪರ್ ಬಸ್ಸಿನಲ್ಲಿ ಧಾರವಾಡ ದಾಟುವವರೆಗೂ ಸೋದರಳಿಯನ ಉಪದೇಶ. ‘ಮಾವ, ನಿಮಗೀಗ ಎಂಥ ಹೆಸರು ಬಂದಿದೆ ಗೊತ್ತಾ? ನೀವು ರೈಸ್ ಅಂದರೆ ರಾಜರ ಜೋಡಿ ಇಟ್ಕೊಂಡೋರೂ ಓಡ್ತಾರೆ. ಇನ್ನು ಎಕ್ಕ ಯಾಕೆ ಬೇಕು? ಎರಡು ಏಳು ಬಂದರೂ ಅದೇ ದನೀಲಿ ಫೋರ್ ಹಂಡ್ರೆಡ್ ಅನ್ನಿ. ಇಡೀ ಮೇಜು ಗುಡಿಸಿಕೊಂಡು ಬರಬಹುದು.’

ರಾಯರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮುಸುಕೆಳೆದುಕೊಂಡರು. ಹಾವೇರಿ ಹೋಯಿತು, ರಾಣೆಬೆನ್ನೂರು ಹೋಯಿತು. ದಾವಣಗೆರೆ ಹತ್ತಿರ ಬಂದಾಗ ಮೇಲಿನ ಬರ್ತಿನಿಂದ ಮಂಕಿ ಕ್ಯಾಪಿನ ತಲೆ ಕೆಳಗಿಳಿಯಿತು.

‘ಲೋ, ಮಲಗಿದ್ಯಾ? ಸುಳ್ಳು ಹೇಳೋದಕ್ಕೆ ನನ್ನದೇನೂ ಅಭ್ಯಂತರವಿಲ್ಲ ಕಣೋ. ಆದರೆ ಯಾವನಾದರೂ ಒಬ್ಬ ನಾನೂರು ಹಾಕಿ, ಎಲ್ಲಿ ತೋರಿಸಿ ಸ್ವಾಮಿ ಅಂದುಬಿಟ್ಟರೆ?’